ಕಸವೇ ಇಲ್ಲದ ಓಣಿ

ಏಳು ತಿರುವಿನ ಓಣಿಯ ಕೆಳತುದಿಯಲ್ಲಿ, ಕಲ್ಲಿನ ಕಮಾನಿನ ಅಡಿ ಕುಳಿತು ಬೂಟು ರಿಪೇರಿ ಮಾಡುವ ಫಿಲೆಮೋನ್ ಒರ್ದುನ್ಯಾನಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಗೌರವ ಬಂತು. ಗೌರವ ಬರುವುದಾದರೆ ಮೂವತ್ತರೊಳಗೆ ಬರಬೇಕು, ಇಲ್ಲವಾದರೆ ಬರಲೇಬಾರದು. ಐವತ್ತೆಂಟಕ್ಕೆ ಬಂದ ಗೌರವ ಹೊಸ ಬೂಟಿನ ಹಾಗೆ: ಕಾಲಿಗೆ ಕಚ್ಚುತ್ತದೆ, ಆದರೂ ಬಿಚ್ಚಲು ಮನಸ್ಸಾಗುವುದಿಲ್ಲ.

ಅದು ಬಂದದ್ದು ಹಸಿರು ಬಿಲ್ಲೆಯ ರೂಪದಲ್ಲಿ. ಬಿಲ್ಲೆಯ ಮೇಲೆ 'ಓಣಿ ಪಾಲಕ' ಎಂದು ಬರೆದಿತ್ತು. ಕೊಟ್ಟವರು ಸಾನ್ ಕಸಿಯಾನೊ ಪುರಸಭೆಯ ಸುಸ್ಥಿರ ನಗರ ನಿರ್ವಹಣಾ ವಿಭಾಗದ ಉಬಾಲ್ದೋ ಲಿಕೋನಾ ಸಾಹೇಬರು. ಬೆಳ್ಳಿಯ ಗಣಿ ಮುಚ್ಚಿದ ಮೇಲೆ ಈ ಬೆಟ್ಟದೂರು ಅನ್ನ ತಿನ್ನುತ್ತಿರುವುದು ಪ್ರವಾಸಿಗರಿಂದಲೇ. ಬಣ್ಣಬಣ್ಣದ ಮನೆ ನೋಡಲು ಮೆಕ್ಸಿಕೋದ ಮೂಲೆಮೂಲೆಯಿಂದಲೂ ಗಡಿಯಾಚೆಯಿಂದಲೂ ಜನ ಬರುತ್ತಾರೆ. ಬಂದವರು ಮೆಟ್ಟಿಲು ಹತ್ತಿ ಸುಸ್ತಾಗಿ ಎಲ್ಲೆಂದರಲ್ಲಿ ಕುಳಿತುಬಿಡುತ್ತಾರೆ. ಅವರನ್ನು ಮರ್ಯಾದೆಯಿಂದ ಕೂರಿಸಲು ಸಾಹೇಬರು ಒಂದು ಜಾಗ ನೋಡಿದ್ದರು. ಫಿಲೆಮೋನನ ಕಮಾನೇ ಆ ಜಾಗ. ಅವನ ಅಪ್ಪ ಮೊಳೆ ಹೊಡೆದ, ಅವನು ಮೂವತ್ತು ವರ್ಷದಿಂದ ಮೊಳೆ ಹೊಡೆಯುತ್ತಿರುವ ಆ ಕಮಾನು ತೆರವು ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು.

"ನೋಡಿ ದೋನ್ ಫಿಲೆಮೋನ್, ಪಟ್ಟಿ ಏನು ಶಿಲಾಶಾಸನ ಅಲ್ಲ," ಎಂದಿದ್ದರು ಸಾಹೇಬರು ಬಿಲ್ಲೆ ಚುಚ್ಚುತ್ತಾ. "ನೀವು ಓಣೀನ ನೋಡ್ಕೊಳ್ಳಿ, ನಾನು ಪಟ್ಟೀನ ನೋಡ್ಕೋತೀನಿ."

ಫಿಲೆಮೋನ್ ಅಂದಿನಿಂದ ಓಣಿಯನ್ನು ನೋಡಿಕೊಳ್ಳತೊಡಗಿದ. ಅಂದರೆ ದಿನಕ್ಕೆ ಎರಡು ಸಲ ಕತ್ತೆತ್ತಿ ನೋಡುತ್ತಿದ್ದ. ಮಂಡಿನೋವಿನ ದೆಸೆಯಿಂದ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ.

ಈ ಊರಿನಲ್ಲಿ ಕಸ ಕೊಡುವುದಕ್ಕೂ ಒಂದು ಪದ್ಧತಿಯಿದೆ. ಲಾರಿ ಓಣಿಯೊಳಗೆ ಹಿಡಿಸುವುದಿಲ್ಲ, ಕೆಳಗೆ ರಸ್ತೆಯಲ್ಲಿ ನಿಲ್ಲುತ್ತದೆ. ಕಸದ ನಸಾರಿಯೊ ಹಿತ್ತಾಳೆಯ ಗಂಟೆ ಹಿಡಿದು, ಢಣ್ ಢಣ್ ಎಂದು ಬಾರಿಸುತ್ತಾ ಮೆಟ್ಟಿಲು ಹತ್ತುತ್ತಾನೆ. ಆ ಸದ್ದು ಕೇಳಿದರೆ ಸ್ನಾನದಲ್ಲಿದ್ದವರು, ಜಗಳದಲ್ಲಿದ್ದವರು, ಮುದ್ದಿನಲ್ಲಿದ್ದವರು ಎಲ್ಲರೂ ಇದ್ದದ್ದನ್ನು ಅಲ್ಲೇ ಬಿಟ್ಟು ಚೀಲ ಹಿಡಿದು ಓಡಬೇಕು. ಫಿಲೆಮೋನನ ಅತ್ತೆ ದೋನ್ಯಾ ಎರ್ಮೀಲಾ ತನ್ನ ಗಂಡ ಸತ್ತ ದಿನವೂ ಗಂಟೆ ಕೇಳಿ ಎದ್ದುಹೋಗಿ, ಚೀಲ ಕೊಟ್ಟು ಬಂದು, ಅಳುವನ್ನು ಬಿಟ್ಟಲ್ಲಿಂದ ಮುಂದುವರಿಸಿದಳೆಂದು ಓಣಿಯಲ್ಲಿ ಹೇಳುತ್ತಾರೆ. ಅವಳೂ ಅಲ್ಲವೆನ್ನುವುದಿಲ್ಲ.

ಇಂಥ ಗಂಟೆಯ ಮೇಲೆ, ಹೊಸ ಹೋಟೆಲಿನಲ್ಲಿ ಇಳಿದಿದ್ದ ಒಬ್ಬ ಅತಿಥಿ ದೂರು ಬರೆದ. ಬೆಳಗ್ಗೆ ನಿದ್ದೆ ಕೆಡುತ್ತದಂತೆ. ಉಬಾಲ್ದೋ ಸಾಹೇಬರು ಮಾರನೆಯ ದಿನವೇ ಗಂಟೆ ನಿಲ್ಲಿಸಿ 'ನಿಶ್ಶಬ್ದ ಕಸ ನಿರ್ವಹಣೆ' ಜಾರಿಗೆ ತಂದರು. ಇನ್ನು ಮೇಲೆ ಲಾರಿ ಬಂದಾಗ ಪ್ರತಿ ಮನೆಯ ಫೋನಿಗೂ ಒಂದು ಮೆಸೇಜು ಹೋಗತಕ್ಕದ್ದು. ಓಣಿಯ ಮೂವತ್ತೊಂದು ಮನೆಗಳ ನಂಬರು ತುಂಬಿಸಿಕೊಡುವ, ಎಲ್ಲರಿಗೂ ವಿಷಯ ತಿಳಿಸುವ ಕೆಲಸ ಓಣಿ ಪಾಲಕನದು.

ಫಿಲೆಮೋನ್ ಫಾರಂ ಬಿಡಿಸಿದ. ಮೂವತ್ತೊಂದು ಸಾಲು. ಪ್ರತಿ ಸಾಲಿನಲ್ಲೂ ದಪ್ಪ ಅಕ್ಷರದಲ್ಲಿ 'ಜವಾಬ್ದಾರ ವ್ಯಕ್ತಿಯ ದೂರವಾಣಿ' ಎಂದಿತ್ತು. ಮೆಸೇಜಿನ ವಿಷಯವೂ ಅದನ್ನು ಎಲ್ಲರಿಗೂ ತಿಳಿಸಬೇಕೆಂಬುದೂ ಇದ್ದ ಕೆಳಗಿನ ಸಣ್ಣ ಅಕ್ಷರ ಅವನಿಗೆ ಕಾಣಲಿಲ್ಲ. ಕನ್ನಡಕ ಮಾಡಿಸಿಕೋ ಎಂದು ಹೆಂಡತಿ ಆರು ವರ್ಷದಿಂದ ಹೇಳುತ್ತಿದ್ದಳು, ಕನ್ನಡಕ ಹಾಕಿದರೆ ವಯಸ್ಸಾಯಿತೆಂದು ಜನ ತಿಳಿಯುತ್ತಾರೆ ಎಂದು ಇವನು ಆರು ವರ್ಷದಿಂದ ಮುಂದೂಡುತ್ತಿದ್ದ. ಅವನು ಯೋಚಿಸಿದ: ಓಣಿಗೆ ಜವಾಬ್ದಾರ ವ್ಯಕ್ತಿ ಯಾರು? ಎದೆಯ ಮೇಲೆ ಬಿಲ್ಲೆ ಇರುವವನು. ಹೀಗಾಗಿ ತನ್ನ ನಂಬರನ್ನೇ, ದುಂಡು ದುಂಡಾಗಿ, ಮೂವತ್ತೊಂದು ಸಲ ಬರೆದುಕೊಟ್ಟ. ಬರೆದು ಬರೆದು ಬೆರಳು ನೋವು ಬಂತು. ಅಧಿಕಾರವೆಂದರೆ ಸುಮ್ಮನೆ ಅಲ್ಲ ಎಂದುಕೊಂಡ.

ಮಾರನೆಯ ಬೆಳಗ್ಗೆ ಆರೂಮುಕ್ಕಾಲಿಗೆ ಅವನ ಫೋನು ಮೂವತ್ತೊಂದು ಸಲ ಕಿರುಗುಟ್ಟಿತು. ಫಿಲೆಮೋನ್ ಅದನ್ನು ಕೈಯುದ್ದ ದೂರ ಹಿಡಿದು ಮೇಲಿನ ದಪ್ಪ ಸಾಲನ್ನು ಓದಿದ.

"ಚೋಲೆ, ಇಲ್ಲಿ ಕೇಳು. 'ಗೌರವಾನ್ವಿತರೇ, ಶುಭೋದಯ.' ಪುರಸಭೆಯಿಂದ. ನನಗೆ."

ಹೆಂಡತಿ ಚೋಲೆ ಹೆಂಚಿನ ಮೇಲೆ ಮೆಕ್ಕೆಜೋಳದ ಗೋರ್ದೀತಾ ರೊಟ್ಟಿ ಬೇಯಿಸುತ್ತಿದ್ದಳು. "ಒಳ್ಳೇದಾಯ್ತು ಮುದುಕಾ. ಏಳು, ನೀರು ಹಿಡಿ."

"ಒಂದಲ್ಲ ಕಣೆ, ಮೂವತ್ತೊಂದು."

"ಹಾಗಾದ್ರೆ ಎರಡು ಕೊಡ ಹಿಡಿ."

ಅವನು ಮೊದಲು ಮೂವತ್ತೊಂದಕ್ಕೂ 'ಧನ್ಯವಾದ, ನಿಮಗೂ' ಎಂದು ಉತ್ತರ ಬರೆದು, ಆಮೇಲೆ ನೀರು ಹಿಡಿದ. ಹೀಗೆ ಇಪ್ಪತ್ತೆರಡು ದಿನ ನಡೆಯಿತು.

ಆ ಇಪ್ಪತ್ತೆರಡು ದಿನ ಓಣಿಯ ಜನ ಗಂಟೆಗಾಗಿ ಕಾದರು. ನಸಾರಿಯೊ ಕಾಯಿಲೆ ಬಿದ್ದಿರಬೇಕು ಎಂದು ಮೊದಲ ವಾರ ಮಾತಾಡಿಕೊಂಡರು. ಎರಡನೆಯ ವಾರ ಕಾಯಿಲೆ ಉಲ್ಬಣಿಸಿತು. ಮೂರನೆಯ ವಾರ ಎರ್ಮೀಲಾ ಅಜ್ಜಿ ಅವನ ಹೆಸರಿನಲ್ಲಿ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಬಂದಳು. ಕಸವನ್ನು ಓಣಿಯಲ್ಲಿ ಇಟ್ಟರೆ ದಂಡ, ಆದ್ದರಿಂದ ಎಲ್ಲರೂ ಚೀಲ ಕಟ್ಟಿ ಕಟ್ಟಿ ತಾರಸಿಗೆ ಸಾಗಿಸಿದರು. ಇತ್ತ ಆರೋಗ್ಯವಾಗಿಯೇ ಇದ್ದ ನಸಾರಿಯೊ ದಿನಾ ಬೆಳಗ್ಗೆ ಲಾರಿಯ ಪಕ್ಕ ನಿಂತು ಅರ್ಧ ಗಂಟೆ ಕಾದು, ಒಬ್ಬರೂ ಬಾರದ್ದರಿಂದ 'ಏಳು ತಿರುವಿನ ಓಣಿ: ಇಲ್ಲ' ಎಂದು ಚೀಟಿ ಬರೆದು ಹೋಗುತ್ತಿದ್ದ. ಮೇಲೆ ಹತ್ತಿ ಕೂಗಿ ಕರೆಯೋಣವೆಂದರೆ ನಿಶ್ಶಬ್ದ ನಿರ್ವಹಣೆ.

ಇಪ್ಪತ್ತು 'ಇಲ್ಲ'ಗಳನ್ನು ನೋಡಿದ ಉಬಾಲ್ದೋ ಸಾಹೇಬರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ರಾಜಧಾನಿಗೆ ವರದಿ ಕಳಿಸಿದರು: ಪ್ರವಾಸಿ ಊರಿನ ನಟ್ಟನಡುವೆ, ಹೊಸ ನಿರ್ವಹಣೆಯಿಂದಾಗಿ, ಒಂದು ಇಡೀ ಓಣಿ ಕಸವನ್ನೇ ನಿಲ್ಲಿಸಿಬಿಟ್ಟಿದೆ. ರಾಜಧಾನಿಯಿಂದ ಉತ್ತರ ಬಂತು: ಗುರುವಾರ ಹನ್ನೊಂದಕ್ಕೆ ಬಂದು ನೋಡುತ್ತೇವೆ, ನಿಜವಾದರೆ ಪ್ರಶಸ್ತಿ.

ಸಾಹೇಬರು ಕಮಾನಿಗೆ ಓಡಿಬಂದರು. "ದೋನ್ ಫಿಲೆಮೋನ್, ನಿಮ್ಮ ಓಣೀಲಿ ಕಸ ಸೊನ್ನೆ. ಅದೇನು ಮಾಡಿದ್ರಿ ಹೇಳಿ."

ಕಸ ಸೊನ್ನೆ ಎಂಬುದು ಫಿಲೆಮೋನನಿಗೆ ಆಗಲೇ ತಿಳಿದದ್ದು. ಆದರೆ ಬಿಲ್ಲೆ ಇದ್ದವನು ಗೊತ್ತಿಲ್ಲ ಎನ್ನಬಾರದು. ತಿಂಗಳ ಹಿಂದೆ ಒಂದು ಸಂಜೆ ಅವನು ಸ್ವಚ್ಛತೆಯ ಬಗ್ಗೆ ಹನ್ನೊಂದು ಜನಕ್ಕೆ ಮಾತಾಡಿದ್ದ. ಅವರಲ್ಲಿ ಇಬ್ಬರು ನಿದ್ದೆ ಮಾಡಿದ್ದರು.

"ಮಾತಾಡ್ದೆ ಸಾಹೇಬ್ರೇ," ಎಂದ.

"ಬರೀ ಮಾತಾಡಿದ್ದಾ?"

"ನನ್ನ ಮಾತು ಸ್ವಲ್ಪ ನಾಟುತ್ತೆ."

"ಹಾಗಾದ್ರೆ ಗುರುವಾರ ಅದೇ ಮಾತು ಅವರ ಮುಂದೆ ಆಡಿ. ಇದೊಂದು ಆಗಿಬಿಟ್ರೆ ಪಟ್ಟೀಲಿ ನಿಮ್ಮ ಹೆಸರಿನ ಮೇಲೆ ನಾನೇ ಗೀಟು ಎಳೀತೀನಿ."

ರಾತ್ರಿ ಊಟಕ್ಕೆ ಕುಳಿತಾಗ ಫಿಲೆಮೋನ್ ವಿಚಾರಿಸಿದ. "ಅಲ್ಲ ಚೋಲೆ, ನಮ್ಮನೇಲೂ ಈಗ ಕಸ ಇಲ್ಲ ತಾನೇ?"

"ನಿನ್ನ ಕಣ್ಣಿಗೆ ಬೀಳೋ ಕಡೆ ಇಲ್ಲ."

"ಒಂಥರಾ ವಾಸನೆ ಬರುತ್ತಲ್ಲ?"

"ಪಕ್ಕದ ಕ್ರಿಸ್ಪೀನ್ ಹಂದಿ ಮಾಂಸ ಹುರೀತಿದಾನೆ," ಎಂದಳು ಚೋಲೆ. ತಾರಸಿಯ ಮೇಲಿನ ರಾಶಿಯ ಸುದ್ದಿ ಎತ್ತಿದರೆ, ಮಂಡಿನೋವಿನ ಗಂಡನಿಂದ ಆಗುವ ಕೆಲಸ ಏನೂ ಇಲ್ಲ, ಆಡುವ ಮಾತು ಮಾತ್ರ ಬಹಳ ಎಂದು ಅವಳಿಗೆ ಗೊತ್ತಿತ್ತು.

ಎರ್ಮೀಲಾ ಅಜ್ಜಿ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಅಳಿಯಂದ್ರ ಮಾತು ಕೇಳಿ ಕಸಾನೇ ಊರು ಬಿಟ್ಟಿದೆಯಂತೆ. ನಾವು ಕಾಲಿಲ್ಲದವರು, ಇಲ್ಲೇ ಇದೀವಿ."

ಗುರುವಾರ ಬಂತು. ಫಿಲೆಮೋನ್ ಮೂರು ಪುಟದ ಭಾಷಣವನ್ನು ದಪ್ಪ ಅಕ್ಷರದಲ್ಲಿ ಬರೆದು, ಅರ್ಧ ಬಾಯಿಪಾಠ ಮಾಡಿ, ಮಿಕ್ಕರ್ಧ ಜೇಬಿನಲ್ಲಿಟ್ಟುಕೊಂಡ. ಹನ್ನೊಂದಕ್ಕೆ ಸರಿಯಾಗಿ ರಾಜಧಾನಿಯ ಇಂಜಿನಿಯರ್ ಬೆರೆನೀಸೆ ತೊವಿಯಾ ಮೇಡಂ ಇಬ್ಬರು ಸಹಾಯಕರೊಂದಿಗೆ ಬಂದಿಳಿದರು. ಫೋಟೋ ಚೆನ್ನಾಗಿ ಬರಲೆಂದು ಉಬಾಲ್ದೋ ಸಾಹೇಬರು ಮೂವರಿಗೂ ಪುರಸಭೆಯ ಉಗ್ರಾಣದಿಂದ ಕಿತ್ತಳೆ ಬಣ್ಣದ ಅಂಗಿ ತೊಡಿಸಿದರು, ತಾವೂ ಒಂದು ತೊಟ್ಟರು. ಆ ಉಗ್ರಾಣದಲ್ಲಿ ಕಿತ್ತಳೆ ಅಂಗಿ ಇರುವುದು ಯಾರಿಗಾಗಿ ಎಂದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಓಣಿ ಥಳಥಳ ಹೊಳೆಯುತ್ತಿತ್ತು. ಒಂದು ಸಿಪ್ಪೆಯಿಲ್ಲ, ಒಂದು ಕಾಗದದ ಚೂರಿಲ್ಲ. ಆದರೆ ಜನರೂ ಇರಲಿಲ್ಲ. ಅಡಿಗೆಯ ಹೊತ್ತು, ಬಾಗಿಲುಗಳೆಲ್ಲ ಮುಚ್ಚಿದ್ದವು. ಕ್ಯಾಮೆರಾ ಹಿಡಿದ ಏಳೆಂಟು ಪ್ರವಾಸಿಗರು ಮಾತ್ರ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು.

"ಜನ ಎಲ್ರೀ?" ಸಾಹೇಬರು ಹಲ್ಲು ಕಚ್ಚಿ ಕೇಳಿದರು.

"ಕರೀತೀನಿ ಸಾಹೇಬ್ರೇ."

ಕರೆಯುವುದು ಹೇಗೆ? ಓಣಿಗೆ ಏಳು ತಿರುವು, ಕೂಗು ಎರಡನೆಯ ತಿರುವಿಗೇ ಮುಗ್ಗರಿಸುತ್ತದೆ. ಫಿಲೆಮೋನ್ ಸುತ್ತ ನೋಡಿದ. ಕಮಾನಿನ ಮೊಳೆಗೆ ಒಂದು ಗಂಟೆ ನೇತಾಡುತ್ತಿತ್ತು. ಕೆಲಸವಿಲ್ಲದೆ ಬಿದ್ದಿದ್ದ ತನ್ನ ಗಂಟೆಯ ಹಿಡಿಗೆ ಹೊಸ ಚರ್ಮ ಸುತ್ತಿಸೋಣವೆಂದು ನಸಾರಿಯೊ ಸೋಮವಾರವಷ್ಟೇ ಲಾರಿಯ ಡ್ರೈವರನ ಕೈಯಲ್ಲಿ ಕಳಿಸಿಕೊಟ್ಟಿದ್ದ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಭಾಷಣಕ್ಕೆ ಮುಂಚೆ ಗಂಟೆ ಬಾರಿಸುತ್ತಿದ್ದುದು ಫಿಲೆಮೋನನಿಗೆ ನೆನಪಾಯಿತು. ಅದೊಂದೇ ನೆನಪಾಯಿತು. ಮನುಷ್ಯನ ತಲೆಯಲ್ಲಿ ಸಾವಿರ ನೆನಪು ಇರುತ್ತವೆ, ಬೇಕಾದ ಹೊತ್ತಿಗೆ ಎದ್ದು ಬರುವುದು ಬೇಡದ್ದೇ.

ಗಂಟೆ ತೆಗೆದ. ಗಂಟಲು ಸರಿಮಾಡಿಕೊಂಡ. ಬಾರಿಸಿದ.

ಮೊದಲು ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೇಲಿನ ತಿರುವಿನಿಂದ ಯಾವಳೋ ಕೂಗಿದಳು: "ನಸಾರಿಯೊ ಬದುಕಿದಾನೆ ಕಣ್ರೇ."

ಮೂವತ್ತೊಂದು ಬಾಗಿಲು ಒಟ್ಟಿಗೆ ತೆರೆದವು. ತಾರಸಿಗಳಿಂದ ಚೀಲಗಳು ಏಣಿಯ ಮೇಲೆ ಜಾರಿದವು, ಹಗ್ಗದಲ್ಲಿ ಇಳಿದವು, ಕೆಲವು ಹಗ್ಗವಿಲ್ಲದೆಯೂ ಇಳಿದವು. ಹೆಂಗಸರು ಎರಡು ಕೈಯಲ್ಲಿ ನಾಲ್ಕು ಚೀಲ, ಗಂಡಸರು ಹೆಗಲ ಮೇಲೆ ಮೂಟೆ, ಕ್ರಿಸ್ಪೀನ್ ತಳ್ಳುಗಾಡಿಯ ತುಂಬ ಎಲುಬು. ಎಲ್ಲರ ಮುಂದೆ, ಎಪ್ಪತ್ತೊಂಬತ್ತು ವರ್ಷದ ಎರ್ಮೀಲಾ ಅಜ್ಜಿ. ಇಪ್ಪತ್ತೆರಡು ದಿನದ ಕಸ ಏಳು ತಿರುವು ಇಳಿದು ಬಂದ ರಭಸಕ್ಕೆ ಪ್ರವಾಸಿಗರು ಗೋಡೆಗೆ ಅಂಟಿಕೊಂಡರು.

ಅಜ್ಜಿ ನೆಟ್ಟಗೆ ಹೋಗಿ ಮೊದಲು ಕಂಡ ಕಿತ್ತಳೆ ಅಂಗಿಯ ಕೈಗೆ ಚೀಲ ಕೊಟ್ಟಳು. ಆ ಅಂಗಿಯೊಳಗೆ ಇದ್ದವರು ತೊವಿಯಾ ಮೇಡಂ.

"ಹೊಸಬಳೇನಮ್ಮ? ಪಾಪ, ಹೆಣ್ಣು ಮಕ್ಕಳನ್ನೂ ಈ ಕೆಲಸಕ್ಕೆ ಹಾಕ್ತಿದಾರಾ. ತಗೋ, ಇದು ಹಸಿ ಕಸ, ಕೆಳಗಡೆ ಹಿಡ್ಕೋ, ಸೋರುತ್ತೆ. ಈ ಸೀಬೆಹಣ್ಣು ನಿನಗೆ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖಾನೇ ಹೇಳ್ತಿದೆ."

ಮೇಡಂ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸೀಬೆಹಣ್ಣು ಹಿಡಿದು ನಿಂತರು. ಸಹಾಯಕರ ಕುತ್ತಿಗೆಯವರೆಗೂ ಚೀಲ ಏರಿತ್ತು. ಉಬಾಲ್ದೋ ಸಾಹೇಬರ ತೋಳಿಗೆ ಕ್ರಿಸ್ಪೀನ್ ಒಂದು ಬಕೆಟ್ಟು ತಗುಲಿಸಿ, "ಖಾಲಿ ಮಾಡಿ ಬಕೆಟ್ ವಾಪಸ್ ಕೊಡಪ್ಪ, ಹೋದ್ಸಲ ಕೊಡ್ಲಿಲ್ಲ," ಎಂದು ಗದರಿದ.

"ಮಾನ್ಯ ಅತಿಥಿಗಳೇ," ಎಂದು ಫಿಲೆಮೋನ್ ಶುರು ಮಾಡಿದ. ಅವನ ಸೊಂಟದ ತನಕ ರಾಶಿ ಬಂದಿತ್ತು. ಗಂಟೆ ಹಿಡಿದವನ ಮುಂದೆ ಚೀಲ ಇಡುವುದು ರೂಢಿ.

ತೊವಿಯಾ ಮೇಡಂ ಮೆಲ್ಲಗೆ ಕೇಳಿದರು: "ಲಿಕೋನಾ ಅವರೇ, ವರದೀಲಿ ಕಸ ಸೊನ್ನೆ ಅಂತ ಬರೆದಿದ್ರಿ."

ಉಬಾಲ್ದೋ ಸಾಹೇಬರ ಬೆವರು ಬಕೆಟ್ಟಿಗೆ ಬಿತ್ತು. "ಇದು ಪ್ರಾತ್ಯಕ್ಷಿಕೆ ಮೇಡಂ. ಹಿಂದೆ ಇಲ್ಲಿ ಕಸ ಹೇಗಿತ್ತು ಅಂತ ಜನ ನಟಿಸಿ ತೋರಿಸ್ತಿದಾರೆ."

"ವಾಸನೇನೂ ಮಾಡ್ಕೊಂಡಿದೀರಿ. ತುಂಬ ಶ್ರದ್ಧೆ."

"ಎಲ್ಲಾ ದೋನ್ ಫಿಲೆಮೋನ್ ಅವರ ತಯಾರಿ. ಅಲ್ವಾ ದೋನ್ ಫಿಲೆಮೋನ್?" ಸಾಹೇಬರು ಅವನತ್ತ ತಿರುಗಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. "ಪಟ್ಟಿ ನೆನಪಿದೆ ತಾನೇ?"

ಮೇಡಂ ಕೂಡ ಅವನತ್ತ ತಿರುಗಿದರು. "ಹೇಳಿ. ಇದು ನಾಟಕದ ಕಸಾನಾ, ನಿಜವಾದ ಕಸಾನಾ?"

ಫಿಲೆಮೋನ್ ಕಮಾನು ನೋಡಿದ. ಅಪ್ಪ ಹೊಡೆದ ಮೊಳೆ, ಅಪ್ಪನ ದಬ್ಬಣ, ಮೂವತ್ತು ವರ್ಷ ಬೆನ್ನು ಒರಗಿ ಒರಗಿ ನುಣುಪಾದ ಕಲ್ಲು. 'ನಾಟಕ' ಎಂದು ಮೂರಕ್ಷರ ಹೇಳಿದರೆ ಇವೆಲ್ಲ ಉಳಿಯುತ್ತವೆ. ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಮೇಡಂ ಕೈಯಲ್ಲಿದ್ದ ಚೀಲದ ಮೇಲೆ ಬಿತ್ತು. ಹರಿದ ಬದಿಯಿಂದ ಕಂದು ಚರ್ಮದ ಚೂರೊಂದು ಇಣುಕುತ್ತಿತ್ತು. ಅದು ಅವನದೇ. ತನ್ನ ಕತ್ತರಿಯ ಚೂರನ್ನು ಚಮ್ಮಾರ ಎಲ್ಲಿ ಕಂಡರೂ ಗುರುತಿಸುತ್ತಾನೆ, ಗುರುತಿಸಿದ ಮೇಲೆ ನನ್ನದಲ್ಲ ಎನ್ನಲಾರ.

"ಸಾಹೇಬ್ರು ಹೇಳಿದ್ದು ನನಗೆ ಸರಿಯಾಗಿ ಅರ್ಥ ಆಗ್ಲಿಲ್ಲ ಮೇಡಂ," ಎಂದ. "ಆದ್ರೆ ಆ ಚರ್ಮ ನಾನು ಮೊನ್ನೆ ಕತ್ತರಿಸಿದ್ದು. ಹೋಟೆಲ್ ಮಾಣಿ ಬೂಟಿಂದು. ನಿಜವಾದ್ದೇ."

ಉಬಾಲ್ದೋ ಸಾಹೇಬರು ಬಕೆಟ್ಟನ್ನು ಕೆಳಗಿಟ್ಟರು.

"ಮತ್ತೆ ಲಾರಿ ಬಂದಾಗ ಯಾಕೆ ಕೊಡ್ಲಿಲ್ಲ ಅಮ್ಮಾ? ಮೆಸೇಜ್ ಬರ್ತಿರ್ಲಿಲ್ವಾ?" ಮೇಡಂ ಅಜ್ಜಿಯನ್ನು ಕೇಳಿದರು.

"ಯಾವ ಮೆಸೇಜು ತಾಯಿ? ನನ್ನ ಫೋನಿಗೆ ನನ್ನ ತಂಗಿ ಒಬ್ಬಳೇ ಮಾಡೋದು, ಅದೂ ಜಗಳಕ್ಕೆ."

ಯಾರಿಗೂ ಬಂದಿರಲಿಲ್ಲ. ಗುಂಪಿನಲ್ಲಿ ಎಲ್ಲರೂ ತಲೆಯಾಡಿಸಿದರು. ಪುರಸಭೆಯ ಮರ್ಯಾದೆ ಹೋಗುತ್ತದೆಂದು ಫಿಲೆಮೋನನಿಗೆ ಕಳವಳವಾಯಿತು.

"ಹಾಗನ್ಬೇಡಿ, ಬರುತ್ತೆ," ಎಂದ. "ನನಗೆ ದಿನಾ ಬರುತ್ತೆ ಮೇಡಂ. ಮೂವತ್ತೊಂದು. ನಾನೂ ತಪ್ಪದೆ ಉತ್ತರ ಬರೀತೀನಿ." ಹೆಮ್ಮೆಯಿಂದ ಫೋನು ತೆಗೆದು ತೋರಿಸಿದ.

ಮೇಡಂ ನೋಡಿದರು, ಮತ್ತೊಮ್ಮೆ ನೋಡಿದರು. ಆಮೇಲೆ ಸೀಬೆಹಣ್ಣನ್ನು ಜೇಬಿಗೆ ಹಾಕಿ, ತಮ್ಮ ಕನ್ನಡಕ ತೆಗೆದು ಅವನ ಮೂಗಿನ ಮೇಲೆ ಇಟ್ಟರು. "ಸ್ವಲ್ಪ ಗಟ್ಟಿಯಾಗಿ ಓದಿ."

ಆರು ವರ್ಷದ ಮೇಲೆ ಫಿಲೆಮೋನನಿಗೆ ಸಣ್ಣ ಅಕ್ಷರ ಕಂಡಿತು. "'ಗೌರವಾನ್ವಿತರೇ, ಶುಭೋದಯ. ಕಸದ ಲಾರಿ ನಿಮ್ಮ ಓಣಿಯ ಕೆಳಗೆ ನಿಂತಿದೆ. ದಯವಿಟ್ಟು ಕಸ ತನ್ನಿ.'" ಎರಡನೆಯದನ್ನು ಓದಿದ. ಮೂರನೆಯದನ್ನೂ ಓದಿದ.

"ಅಂದ್ರೆ," ಎಂದ ಫಿಲೆಮೋನ್, "ಇದು ನಮಸ್ಕಾರ ಅಲ್ವಾ?"

ಮೊದಲು ನಕ್ಕವಳು ಚೋಲೆ. ಮೆಟ್ಟಿಲ ಮೇಲೆ ಕುಳಿತು, ಮುಖಕ್ಕೆ ಅಡಿಗೆಯ ಏಪ್ರನ್ನು ಒತ್ತಿಕೊಂಡು ನಕ್ಕಳು. ಅಲ್ಲಿಂದ ನಗು ಒಂದೊಂದೇ ತಿರುವು ಹತ್ತಿ ಏಳನೆಯದಕ್ಕೆ ಮುಟ್ಟಿತು. ನಗದಿದ್ದವಳು ಎರ್ಮೀಲಾ ಅಜ್ಜಿ ಒಬ್ಬಳೇ.

"ಅಳಿಯಂದ್ರೇ, ನಸಾರಿಯೊ ಹೆಸರಲ್ಲಿ ಮೂರು ಬತ್ತಿ ಹಚ್ಚಿದೀನಿ. ದೊಡ್ಡವು."

"ತಪ್ಪು ನಂದೇ ಅತ್ತೆ," ಎಂದ ಫಿಲೆಮೋನ್. ಬಿಲ್ಲೆ ಬಿಚ್ಚಿ ಉಬಾಲ್ದೋ ಸಾಹೇಬರ ಕೈಯಲ್ಲಿಟ್ಟ. "ಸಾಹೇಬ್ರದ್ದೇನೂ ಇಲ್ಲ ಮೇಡಂ. ಅವರು ಫಾರಂ ಸರಿಯಾಗೇ ಕೊಟ್ಟಿದ್ರು. ಪಟ್ಟಿ ಪ್ರಕಾರ ಆಗ್ಲಿ. ನಾಳೆ ಮೊಳೆ ಕಿತ್ಕೋತೀನಿ."

ಮೇಡಂ ಚೀಲವನ್ನು ಇನ್ನೂ ಕೆಳಗೆ ಇಟ್ಟಿರಲಿಲ್ಲ. "ಮೊದಲು ಇದನ್ನ ಇಳಿಸೋಣ. ಒಮ್ಮೆ ಹೊಸ್ತಿಲು ದಾಟಿದ ಕಸ ವಾಪಸ್ ಒಳಗೆ ಹೋಗಬಾರದು ಅಂತ ನಮ್ಮಮ್ಮ ಹೇಳೋರು. ನಾನೂ ಇಂಥದೇ ಓಣೀಲಿ ಹುಟ್ಟಿದವಳು."

ಲಾರಿ ತರಿಸಲು ಫೋನು ಹೋಯಿತು. ರಸ್ತೆಗೆ ಇನ್ನೂರು ಮೆಟ್ಟಿಲು. ಪ್ರವಾಸಿಗರ ಮುಂದೆ ಹಾಡುತ್ತಾ ಓಣಿ ಸುತ್ತುವ ಕಾಲೇಜು ಹುಡುಗರು ಅಭ್ಯಾಸಕ್ಕೆಂದು ತಮ್ಮ ಕತ್ತೆಯೊಡನೆ ಅದೇ ದಾರಿಯಲ್ಲಿ ಬರುತ್ತಿದ್ದರು. ಕತ್ತೆಯ ಮೇಲಿಂದ ದ್ರಾಕ್ಷಾರಸದ ಪೀಪಾಯಿ ಇಳಿದು ಕ್ರಿಸ್ಪೀನನ ಎಲುಬು ಏರಿತು. ಹುಡುಗರು ಕೈ ಖಾಲಿಯಿದ್ದುದರಿಂದ ಗಿಟಾರು ಬಾರಿಸಿದರು. ಇದು ಈ ಊರಿನ ಯಾವುದೋ ಹಬ್ಬವಿರಬೇಕೆಂದು ಪ್ರವಾಸಿಗರು ತಾವೂ ಒಂದೊಂದು ಚೀಲ ಹೊತ್ತರು. ಟೊಪ್ಪಿಯ ಅಜ್ಜನೊಬ್ಬ ಎರಡು ಹೊತ್ತ. ಕೆಳಗೆ ನಸಾರಿಯೊ ಲಾರಿಯ ಪಕ್ಕ ನಿಂತು, ಇಪ್ಪತ್ತೆರಡು 'ಇಲ್ಲ'ಗಳು ಹಾಡುತ್ತಾ ಇಳಿದು ಬರುವುದನ್ನು ಕಂಡು ಟೊಪ್ಪಿ ತೆಗೆದ. ಓಣಿಯ ಹೆಂಗಸರು ಅವನ ಕೆನ್ನೆ ಮುಟ್ಟಿ ಮುಟ್ಟಿ ನೋಡಿದರು.

ತೊವಿಯಾ ಮೇಡಂ ಲಾರಿಯ ಪಕ್ಕದಲ್ಲಿ ಸೀಬೆಹಣ್ಣು ತಿನ್ನುತ್ತಾ ಟಿಪ್ಪಣಿ ಬರೆದರು. ಪ್ರಶಸ್ತಿಯ ಮಾತು ಈ ವರ್ಷ ಬೇಡ. ಗಂಟೆ ಮತ್ತೆ ಬಾರಿಸತಕ್ಕದ್ದು, ಆದರೆ ಬೆಳಗ್ಗೆ ಒಂಬತ್ತಕ್ಕೆ. ಒಂಬತ್ತಕ್ಕೂ ಏಳದ ಅತಿಥಿಯನ್ನು ಗಂಟೆಯೇ ಎಬ್ಬಿಸಲಿ.

"ನಸಾರಿಯೊ ಲಾರಿ ಬಿಟ್ಟು ಮೇಲೆ ಹತ್ತೋದು ಯಾಕೆ? ಓಣಿಯ ಬಾಯಲ್ಲೇ ಒಬ್ರು ಕೂತಿದಾರಲ್ಲ," ಎಂದರು ಉಬಾಲ್ದೋ ಸಾಹೇಬರತ್ತ ನೋಡಿ. "ಗಂಟೆ ಬಾರ್ಸೋದಕ್ಕೆ ಒಂದು ಕೈ ಬೇಕು. ಗಂಟೆ ನೇತುಹಾಕೋದಕ್ಕೆ ಒಂದು ಮೊಳೆ ಬೇಕು. ಮೊಳೆ ಆಗಲೇ ಇದೆ. ಅಲ್ವಾ ಲಿಕೋನಾ ಅವರೇ?"

"ಪಟ್ಟಿ ಏನು ಶಿಲಾಶಾಸನ ಅಲ್ಲ ಮೇಡಂ," ಎಂದರು ಉಬಾಲ್ದೋ ಸಾಹೇಬರು. ಪಾಪ, ಕೆಟ್ಟ ಮನುಷ್ಯರೇನಲ್ಲ. ಅಲ್ಲೇ ಪಟ್ಟಿ ತೆಗೆದು ನಾಲ್ಕನೆಯ ಹೆಸರಿನ ಮೇಲೆ ಗೀಟು ಎಳೆದರು. ಸುಸ್ತಾದ ಪ್ರವಾಸಿಗರು ಇಂದಿಗೂ ಮೆಟ್ಟಿಲ ಮೇಲೆಯೇ ಕೂರುತ್ತಾರೆ, ಅವರಿಗೆ ಅದೇ ಇಷ್ಟ. ಕೆಲವರು ಬೂಟಿಗೆ ಹಿಮ್ಮಡಿಯನ್ನೂ ಹಾಕಿಸಿಕೊಳ್ಳುತ್ತಾರೆ.

ಸೋಮವಾರ ಒಂಬತ್ತಕ್ಕೆ ಫಿಲೆಮೋನ್ ಗಂಟೆ ಬಾರಿಸಿದ. ಮೂಗಿನ ಮೇಲೆ ಹೊಸ ಕನ್ನಡಕವಿತ್ತು. ಬಾಗಿಲು ತೆರೆದವು, ಜನ ಇಳಿದು ಬಂದು ಚೀಲ ಹಿಡಿದು ಸಾಲಾಗಿ ನಿಂತರು. ಅಂದು ಲಾರಿ ಹತ್ತು ನಿಮಿಷ ತಡವಾಯಿತು. ಇಂಥ ಹತ್ತು ನಿಮಿಷ ಮನುಷ್ಯನ ಜೀವನದಲ್ಲಿ ಒಮ್ಮೆಯೇ ಬರುವುದು ಎಂದು ಅವನಿಗೆ ತಿಳಿದಿತ್ತು. ಜೇಬಿನಿಂದ ಮೂರು ಪುಟ ತೆಗೆದು, "ಮಾನ್ಯ ನೆರೆಹೊರೆಯವರೇ," ಎಂದು ಶುರು ಮಾಡಿ, ಕೊನೆಯ ಅಕ್ಷರದವರೆಗೂ ಓದಿದ. ಕಸ ಬಿಟ್ಟು ಹೋಗಲಾರದೆ ಎಲ್ಲರೂ ಕೇಳಿದರು. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲು ಯಾರ ಕೈಯೂ ಖಾಲಿ ಇರಲಿಲ್ಲ.

ಎರ್ಮೀಲಾ ಅಜ್ಜಿ ಅಳಿಯನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಚೀಲವನ್ನು ನೆಲದ ಮೇಲಿಟ್ಟು, ಎರಡು ಸಲ, ಗಟ್ಟಿಯಾಗಿ ಚಪ್ಪಾಳೆ ತಟ್ಟಿದಳು.

ಅಷ್ಟರಲ್ಲಿ ಕ್ರಿಸ್ಪೀನನ ನಾಯಿ ಅಜ್ಜಿಯ ಚೀಲ ಕಚ್ಚಿಕೊಂಡು ಮೂರನೆಯ ತಿರುವು ದಾಟಿತ್ತು.

"ನೋಡಿದ್ರಾ ಅಳಿಯಂದ್ರೇ," ಎಂದು ಅಜ್ಜಿ ಕೋಲೆತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು, "ನಿಮ್ಮ ಮಾತು ಕೇಳಿ ಕಸ ಮತ್ತೆ ಊರು ಬಿಡ್ತು."